ಪೋಲೊ ಜಿಟಿಗೆ ಹೊಸ ಶಾಕ್ ಅಬ್ಸಾರ್ಬರ್ ಆರಿಸಿಕೊಂಡ ಬಗೆ

ನನ್ನ ಬಳಿ ಇರುವುದು 2014ರ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ. 1.2 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 105 ಪಿಎಸ್ ಶಕ್ತಿ, ಏಳು ಗೇರಿನ ಡಿಎಸ್‌ಜಿ ಎಂಬ ಸ್ವಯಂಚಾಲಿತ ಗೇರ್‌ಬಾಕ್ಸ್. ವಾರವೆಲ್ಲ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಓಡಾಡುವ ಈ ಕಾರು, ರಜೆ ಸಿಕ್ಕಾಗ ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದು ಉಜಿರೆಯ ಕಡೆಗೆ ಹೋಗುತ್ತದೆ. ಇದರ ಶಾಕ್‌ಗಳನ್ನು, ಅಂದರೆ ಸ್ಪ್ರಿಂಗಿನ ಕುಣಿತ ಅಡಗಿಸುವ ಎಣ್ಣೆ ತುಂಬಿದ ಕೊಳವೆಗಳನ್ನು, ಬದಲಾಯಿಸಬೇಕಾಗಿ ಬಂದಾಗ ಯಾವುದನ್ನು ಆರಿಸಿಕೊಂಡೆ, ಏಕೆ ಆರಿಸಿಕೊಂಡೆ ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇನೆ. ಯಾವ ಸ್ಪ್ರಿಂಗ್ ಇರುತ್ತದೆ, ಕಾರು ಎಷ್ಟು ಎತ್ತರದಲ್ಲಿ ನಿಲ್ಲುತ್ತದೆ ಎಂಬುದನ್ನು ಮೊದಲು ತೀರ್ಮಾನಿಸದೆ ಎಷ್ಟು ದುಬಾರಿ ಶಾಕ್ ತಂದರೂ ಸಮಾಧಾನ ಸಿಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಶಾಕ್ ನಿಧಾನವಾಗಿ ಸೋಲುವ ವಸ್ತುವಾದ್ದರಿಂದ ಓಡಿಸುವವರಿಗೆ ಆ ಸೋಲೇ ಅಭ್ಯಾಸವಾಗಿಬಿಡುತ್ತದೆ. ಹೆದ್ದಾರಿಯಲ್ಲಿ ಸೇತುವೆಯ ಜೋಡಣೆ ದಾಟಿದಾಗ ಕಾರಿನ ಹಿಂಭಾಗ ಒಮ್ಮೆ ಎದ್ದು ಕೂತು ಸುಮ್ಮನಾಗದೆ ಮತ್ತೊಮ್ಮೆ ತೇಲುತ್ತಿತ್ತು. ಘಾಟಿಯ ತಿರುವಿನ ನಡುವೆ ಗುಂಡಿ ಸಿಕ್ಕರೆ ಹಿಂದಿನ ಚಕ್ರ ಪಕ್ಕಕ್ಕೆ ಜಿಗಿದಂತಾಗುತ್ತಿತ್ತು. ಬಾನೆಟ್ಟನ್ನು ಒತ್ತಿ ಬಿಟ್ಟು ಕುಣಿತ ಎಣಿಸುವ ಪರೀಕ್ಷೆಯನ್ನು ನಾನು ಹೆಚ್ಚು ನಂಬುವುದಿಲ್ಲ. ಪೂರ್ತಿ ಸತ್ತ ಶಾಕ್ ಮಾತ್ರ ಅದರಲ್ಲಿ ಸಿಕ್ಕಿಬೀಳುತ್ತದೆ, ಅರ್ಧ ಸೋತದ್ದು ಬುಷ್‌ಗಳ (ಕೀಲುಗಳಲ್ಲಿರುವ ರಬ್ಬರು ತುಂಡುಗಳ) ಬಿಗಿತದ ಮರೆಯಲ್ಲಿ ಪಾರಾಗುತ್ತದೆ. ಅದಕ್ಕಿಂತ ಅಂಗೈ ನಂಬಿಕಸ್ಥ. ಹಿಂದಿನ ಟೈರಿನ ಒಳ ಅಂಚಿನ ಮೇಲೆ ಅಂಗೈಯನ್ನು ನಿಧಾನವಾಗಿ ಸುತ್ತಲೂ ಸರಿಸಿದಾಗ ರಬ್ಬರು ಸಮವಾಗಿ ಸವೆಯದೆ ಅಲೆಅಲೆಯಾಗಿ ತಗ್ಗು ಬಿದ್ದಿರುವುದು ತಿಳಿಯಿತು. ಚಕ್ರ ನೆಲಕ್ಕೆ ಅಂಟಿಕೊಂಡು ಉರುಳದೆ ಕುಪ್ಪಳಿಸುತ್ತಿದೆ ಎಂಬುದಕ್ಕೆ ಇದು ಸಾಕ್ಷಿ. ಶಾಕಿನ ಮೈಮೇಲೆ ತೆಳುವಾದ ಮಂಜಿನಂತಹ ಎಣ್ಣೆಯ ಲೇಪ ಇದ್ದರೆ ಗಾಬರಿಪಡಬೇಕಾಗಿಲ್ಲ, ಆದರೆ ನನ್ನದರಲ್ಲಿ ಎಣ್ಣೆ ಧೂಳಿನೊಂದಿಗೆ ಸೇರಿ ಕೆಳಗಿನ ಬುಷ್‌ವರೆಗೂ ಇಳಿದು ಕೆಸರಾಗಿತ್ತು.

ಬದಲಾಯಿಸುವ ಮುನ್ನ ಸಸ್ಪೆನ್ಷನ್ ಎಷ್ಟು ದೂರ ಚಲಿಸುತ್ತಿದೆ ಎಂದು ಅಳೆದು ನೋಡಿದೆ. ಹಿಂದಿನ ಶಾಕಿನ ಧೂಳುಕವಚವನ್ನು ಮೇಲಕ್ಕೆ ಸರಿಸಿ, ಹೊಳೆಯುವ ರಾಡಿನ ಬುಡಕ್ಕೆ ಸಣ್ಣ ಕೇಬಲ್ ಟೈ ಬಿಗಿದು, ದಿನವೂ ಹೋಗುವ ದಾರಿಯಲ್ಲೇ ಹೋಗಿ ಬಂದೆ. ಸಸ್ಪೆನ್ಷನ್ ಕುಗ್ಗಿದಾಗ ಶಾಕಿನ ಮೈ ಆ ಟೈಯನ್ನು ಮೇಲಕ್ಕೆ ತಳ್ಳುತ್ತದೆ, ಹಿಗ್ಗಿದಾಗ ಟೈ ತಳ್ಳಿದ ಜಾಗದಲ್ಲೇ ಉಳಿಯುತ್ತದೆ. ಮನೆಗೆ ಬಂದು ನೋಡಿದರೆ ಟೈ ಹೋಗಿ, ಚಲನೆಯ ಕೊನೆಯಲ್ಲಿ ತಡೆಯುವ ಬಂಪ್ ಸ್ಟಾಪ್ ರಬ್ಬರಿಗೆ ಒತ್ತಿಕೊಂಡು ನಿಂತಿತ್ತು. ಕಂಪನಿ ಕೊಟ್ಟ ಎತ್ತರದಲ್ಲೇ ನಮ್ಮ ರಸ್ತೆಗಳು ಇಡೀ ಚಲನೆಯನ್ನು ಬಳಸಿಕೊಳ್ಳುತ್ತಿವೆ ಎಂದು ಇದರಿಂದ ಸ್ಪಷ್ಟವಾಯಿತು.

ಕಾರನ್ನು ತಗ್ಗಿಸುವ ಸ್ಪ್ರಿಂಗ್ ಹಾಕುವ ಆಸೆಯನ್ನು ಬಿಟ್ಟದ್ದು ಈ ಅಳತೆಯ ನಂತರವೇ. ಲೆಕ್ಕ ಸರಳವಾಗಿದೆ. ಬಂಪ್ ಸ್ಟಾಪ್ ತಗಲುವ ಮೊದಲು ಚಕ್ರಕ್ಕೆ 70 ಮಿ.ಮೀ. ಮೇಲಕ್ಕೆ ಚಲಿಸುವ ಅವಕಾಶವಿದೆ ಎಂದುಕೊಳ್ಳೋಣ. 30 ಮಿ.ಮೀ. ತಗ್ಗಿಸಿದರೆ ಉಳಿಯುವುದು 40. ಸ್ಪ್ರಿಂಗ್ ಹೀರಿಕೊಳ್ಳುವ ಶಕ್ತಿ ಚಲನೆಯ ವರ್ಗಕ್ಕೆ ಅನುಗುಣವಾಗಿರುವುದರಿಂದ, ಅದೇ ಹೊಡೆತವನ್ನು 40 ಮಿ.ಮೀ.ನಲ್ಲಿ ತಡೆಯಬೇಕಾದರೆ ಸ್ಪ್ರಿಂಗ್ ಸುಮಾರು ಮೂರು ಪಟ್ಟು ಗಟ್ಟಿಯಾಗಿರಬೇಕು. ರಸ್ತೆಯ ಕಾರಿಗೆಂದು ಮಾರುವ ತಗ್ಗಿನ ಸ್ಪ್ರಿಂಗ್‌ಗಳು ಮೂರು ಪಟ್ಟಿನ ಹತ್ತಿರಕ್ಕೂ ಹೋಗುವುದಿಲ್ಲ, ಹಾಗಾಗಿ ಉಳಿದ ಹೊಡೆತವೆಲ್ಲ ಬಂಪ್ ಸ್ಟಾಪಿನ ಮೇಲೆ ಬೀಳುತ್ತದೆ; ತಿರುವಿನ ನಡುವೆ ಹಾಗಾದರೆ ಆ ಚಕ್ರದ ಹಿಡಿತ ತಟ್ಟನೆ ಕೈಕೊಡುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರದ ಇಳಿಜಾರಾದ ಕಮಾನಿನಂತೆ ಇರಬೇಕು. ನಮ್ಮ ಬಡಾವಣೆಗಳ ಉಬ್ಬುಗಳು ಹೇಗಿವೆ ಎಂಬುದನ್ನು ಬೆಂಗಳೂರಿನವರಿಗೆ ವಿವರಿಸಬೇಕಾಗಿಲ್ಲ.

ಮೂಲ ಸ್ಪ್ರಿಂಗ್‌ಗಳನ್ನೇ ಉಳಿಸಿಕೊಳ್ಳುವುದೆಂದು ನಿರ್ಧರಿಸಿದ ಮೇಲೆ ಶಾಕಿನ ಆಯ್ಕೆ ಅರ್ಧ ಮುಗಿದಂತಾಯಿತು. ಭಾರ ಹೊರುವುದು ಸ್ಪ್ರಿಂಗ್. ಆ ಸ್ಪ್ರಿಂಗಿನ ಕುಣಿತವನ್ನು ಅಡಗಿಸುವುದಷ್ಟೇ ಶಾಕಿನ ಕೆಲಸ. ಬೇಕಾಗುವ ತಡೆ ಸ್ಪ್ರಿಂಗಿನ ಗಡಸುತನದ ವರ್ಗಮೂಲಕ್ಕೆ ಅನುಗುಣವಾಗಿ ಏರುತ್ತದೆ, ಅಂದರೆ ಸ್ಪ್ರಿಂಗ್ ಶೇಕಡ 25ರಷ್ಟು ಗಟ್ಟಿಯಾದರೂ ಶಾಕ್ ಗಟ್ಟಿಯಾಗಬೇಕಾದದ್ದು ಶೇಕಡ 12ರಷ್ಟು ಮಾತ್ರ. ‘ಗಟ್ಟಿ ಶಾಕ್ ಹಾಕಿಸಿ, ಕಾರು ಹಿಡಿದು ನಿಲ್ಲುತ್ತದೆ’ ಎಂಬ ಸಲಹೆಯನ್ನು ಗ್ಯಾರೇಜುಗಳಲ್ಲಿ ಧಾರಾಳವಾಗಿ ಕೊಡುತ್ತಾರೆ, ಆದರೆ ಗಟ್ಟಿ ಎಂದರೆ ಯಾವ ವೇಗದಲ್ಲಿ ಎಂದು ಕೇಳಬೇಕು. ತಿರುವಿನಲ್ಲಿ ಕಾರು ವಾಲುವಾಗ, ಬ್ರೇಕ್ ಹಾಕಿದಾಗ ಮೂತಿ ತಗ್ಗುವಾಗ ಶಾಕಿನ ಪಿಸ್ಟನ್ ಬಹಳ ನಿಧಾನವಾಗಿ, ಸೆಕೆಂಡಿಗೆ ಕೆಲವೇ ಸೆಂಟಿಮೀಟರ್‌ಗಳಷ್ಟು ಚಲಿಸುತ್ತದೆ. ಗುಂಡಿಯ ಅಂಚಿಗೆ ಬಡಿದಾಗ ಅದೇ ಪಿಸ್ಟನ್ ಸೆಕೆಂಡಿಗೆ ಒಂದು ಮೀಟರನ್ನೂ ಮೀರಬಹುದು. ನಮಗೆ ಬೇಕಾದದ್ದು ಮೊದಲನೆಯದರಲ್ಲಿ ಬಿಗಿಯಾಗಿದ್ದು ಎರಡನೆಯದರಲ್ಲಿ ಎಣ್ಣೆಗೆ ದಾರಿ ಬಿಡುವ ವಾಲ್ವ್. ಎರಡರಲ್ಲೂ ಬಿಗಿಯಾಗಿರುವ ಶಾಕ್ ಒಡೆದ ರಸ್ತೆಯಲ್ಲಿ ಚಕ್ರವನ್ನು ನೆಲದಿಂದ ಎತ್ತಿಬಿಡುತ್ತದೆ.

ನಾನು ಪರಿಶೀಲಿಸಿದವುಗಳಲ್ಲಿ ಮೊದಲನೆಯದು ಕಂಪನಿಯ ಮೂಲ ಮಾದರಿಯ, ಒಂದರೊಳಗೊಂದು ಎರಡು ಕೊಳವೆಗಳಿರುವ ಟ್ವಿನ್ ಟ್ಯೂಬ್ ಶಾಕ್. ಕುಟುಂಬದೊಂದಿಗೆ ನೆಮ್ಮದಿಯಾಗಿ ಓಡಾಡುವವರಿಗೆ ಇದು, ಅಥವಾ ಜರ್ಮನಿಯ ಶಾಕ್ ತಯಾರಕ ಬಿಲ್‌ಸ್ಟೀನ್‌ನ ಬಿ4, ಸಾಕು. ಇದರಲ್ಲಿ ಕಡಿಮೆಯೇನೂ ಇಲ್ಲ. ಉದ್ದನೆಯ ಘಾಟಿಯಲ್ಲಿ ಸತತವಾಗಿ ದುಡಿದಾಗ ಎಣ್ಣೆ ಕಾಯುವುದು, ನೊರೆಗಟ್ಟುವುದು ಟ್ವಿನ್ ಟ್ಯೂಬಿನ ಸ್ವಭಾವದಲ್ಲೇ ಇರುವ ಮಿತಿ. ಒಂದೇ ಕೊಳವೆಯ ಮಾನೊಟ್ಯೂಬಿನಲ್ಲಿ ಅನಿಲ ಮತ್ತು ಎಣ್ಣೆಯ ನಡುವೆ ತೇಲುವ ಪಿಸ್ಟನ್ ಇದ್ದು, ಅನಿಲದ ಒತ್ತಡವೂ ಹಲವು ಪಟ್ಟು ಹೆಚ್ಚಾಗಿರುವುದರಿಂದ ನೊರೆಗೆ ಅವಕಾಶ ಕಡಿಮೆ. ಎಣ್ಣೆಯಿರುವ ಕೊಳವೆಯೇ ಹೊರಗಿನ ಗಾಳಿಗೆ ತೆರೆದಿರುವುದರಿಂದ ಶಾಖವೂ ಬೇಗ ಬಿಡುಗಡೆಯಾಗುತ್ತದೆ. ಎತ್ತರ ಹೊಂದಿಸಬಹುದಾದ ಕಾಯಿಲೋವರ್‌ಗಳನ್ನು (ಸ್ಪ್ರಿಂಗ್, ಶಾಕ್ ಒಟ್ಟಿಗಿರುವ ಜೋಡಣೆ) ನಾನು ಹೆಚ್ಚು ಯೋಚಿಸದೆ ಬದಿಗಿಟ್ಟೆ. ತಗ್ಗಿಸುವುದಿಲ್ಲ ಎಂದಾದ ಮೇಲೆ ಅವುಗಳಿಗೆ ಹಣ ಸುರಿಯಲು ಕಾರಣವಿರಲಿಲ್ಲ.

ಉಳಿದದ್ದು ಬಿಲ್‌ಸ್ಟೀನ್ ಬಿ6 ಮತ್ತು ಬಿ8. ಎರಡೂ ಮಾನೊಟ್ಯೂಬ್. ಬಿ6 ಮೂಲ ಎತ್ತರದ ಸ್ಪ್ರಿಂಗಿಗೆ, ಬಿ8 ತಗ್ಗಿಸಿದ ಸ್ಪ್ರಿಂಗಿಗೆ ಹೊಂದುವಂತೆ ಮೊಟಕುಗೊಳಿಸಿದ್ದು. ಇಲ್ಲಿ ನಮ್ಮ ಪೋಲೊಗೆ ವಿಶೇಷವಾದ ತೊಡಕೊಂದಿದೆ. ಭಾರತದ ಪೋಲೊವನ್ನು ನಮ್ಮ ರಸ್ತೆಗಳಿಗಾಗಿ ಯುರೋಪಿನದಕ್ಕಿಂತ ಎತ್ತರಿಸಿ ಕಟ್ಟಲಾಗಿದೆ. ಯುರೋಪಿನ ಎತ್ತರಕ್ಕೆಂದು ಮಾಡಿದ ಶಾಕನ್ನು ಇದಕ್ಕೆ ಹಾಕಿದಾಗ ಕಾರು ಸುಮ್ಮನೆ ನಿಂತಿದ್ದಾಗಲೇ ರಾಡ್ ಹೆಚ್ಚು ಹೊರಬಂದಿರುತ್ತದೆ, ಚಕ್ರ ಕೆಳಗಿಳಿಯಲು ಉಳಿಯುವ ಅವಕಾಶ ಕಡಿಮೆಯಾಗುತ್ತದೆ. ಇನ್ನೂ ಗಿಡ್ಡವಾದ ಬಿ8 ಹಾಕಿದರೆ ಉಬ್ಬಿನ ತುದಿ ದಾಟಿ ಚಕ್ರ ಇಳಿಯುವಾಗ ಶಾಕ್ ಪೂರ್ತಿ ಹಿಗ್ಗಿ ಒಳಗಿನ ತಡೆಗೆ ‘ಠಣ್’ ಎಂದು ಬಡಿಯುತ್ತದೆ. ಆದ್ದರಿಂದ ಬಿ6ನ್ನೇ ಆರಿಸಿಕೊಂಡೆ. ಅದನ್ನೂ ಕಾರಿಗೆ ಹಾಕುವ ಮೊದಲು ಹಳೆಯದರ ಪಕ್ಕದಲ್ಲಿ ಮಲಗಿಸಿ, ಪೂರ್ತಿ ಹಿಗ್ಗಿದ ಉದ್ದವನ್ನೂ ಪೂರ್ತಿ ಕುಗ್ಗಿದ ಉದ್ದವನ್ನೂ ಟೇಪಿನಲ್ಲಿ ಅಳೆದು ಹೋಲಿಸಿದೆ. ಪಾರ್ಟ್ ನಂಬರ್ ಎಷ್ಟೇ ಸರಿಯಾಗಿದ್ದರೂ ಈ ಅಳತೆಯನ್ನು ಬಿಡಬಾರದು.

ಶಾಕ್ ಜೊತೆಗೆ ಮುಂದಿನ ಶಾಕಿನ ಮೇಲ್ತುದಿಯನ್ನು ಕಾರಿನ ಮೈಗೆ ಹಿಡಿಸುವ ಟಾಪ್ ಮೌಂಟ್, ಅದರ ಬೇರಿಂಗ್, ಬಂಪ್ ಸ್ಟಾಪ್, ಧೂಳುಕವಚ, ಒಮ್ಮೆ ಬಿಗಿದ ಮೇಲೆ ಮತ್ತೆ ಬಳಸಬಾರದ ನಟ್ ಬೋಲ್ಟುಗಳು, ಇಷ್ಟನ್ನೂ ಹೊಸದಾಗಿಯೇ ತಂದೆ. ಸ್ಟ್ರಟ್ (ಮುಂದಿನ ಶಾಕ್, ಸ್ಪ್ರಿಂಗ್ ಸೇರಿದ ಜೋಡಣೆ) ಬಿಚ್ಚುವ ಶ್ರಮ ಒಂದೇ ಆದ್ದರಿಂದ ಇದರಲ್ಲಿ ಜಿಪುಣತನ ಮಾಡುವುದು ಸರಿಯಲ್ಲ. ಜೋಡಿಸುವಾಗ ನಾನೂ ಪಕ್ಕದಲ್ಲಿ ನಿಂತು ಕೈಜೋಡಿಸಿದೆ. ರಾಡ್ ತಿರುಗದಂತೆ ಹಿಡಿಯಲು ಇಕ್ಕಳ ಹಾಕಕೂಡದು. ಕ್ರೋಮಿನ ಮೇಲೆ ಕೂದಲೆಳೆಯಷ್ಟು ಗೀರು ಬಿದ್ದರೂ ಅದು ಪ್ರತಿ ಚಲನೆಯಲ್ಲೂ ಸೀಲನ್ನು ಕೆರೆಯುತ್ತದೆ. ಟಾಪ್ ನಟ್ಟಿಗೆ ಏರ್ ಗನ್ ಬಳಸದೆ, ರಾಡಿನ ತುದಿಯನ್ನು ಅದಕ್ಕೆಂದೇ ಇರುವ ಉಪಕರಣದಲ್ಲಿ ಹಿಡಿದು ಟಾರ್ಕ್ ರೆಂಚಿನಲ್ಲಿ ಬಿಗಿಯಬೇಕು. ಹಿಂದಿನ ಶಾಕಿನ ಕೆಳಗಿನ ಬೋಲ್ಟನ್ನು ಚಕ್ರ ನೇತಾಡುತ್ತಿರುವಾಗ ಬಿಗಿದರೆ ಕಾರು ನೆಲಕ್ಕಿಳಿದ ಕೂಡಲೇ ಬುಷ್‌ನ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ. ನಾವು ಹಿಂದಿನ ಎರಡೂ ಚಕ್ರಗಳನ್ನು ಜೋಡಿಸುವ ಬೀಮಿನ ಕೆಳಗೆ ಜಾಕ್ ಕೊಟ್ಟು, ಸಸ್ಪೆನ್ಷನ್ನನ್ನು ಕಾರು ನಿಲ್ಲುವ ಎತ್ತರಕ್ಕೆ ತಂದ ನಂತರವೇ ಕೊನೆಯ ಬಿಗಿತ ಕೊಟ್ಟೆವು. ಆಮೇಲೆ ಅಲೈನ್‌ಮೆಂಟ್.

ಅನಿಲದ ಒತ್ತಡದಿಂದ ಕಾರಿನ ಹಿಂಭಾಗ ಕೆಲವು ಮಿಲಿಮೀಟರ್ ಮೇಲಕ್ಕೆದ್ದಿತು, ಅದು ನಿರೀಕ್ಷಿತವೇ. ಚಾರ್ಮಾಡಿಯಲ್ಲಿ ಬದಲಾವಣೆ ಮೊದಲು ಗೊತ್ತಾದದ್ದು ಬ್ರೇಕ್ ಬಿಟ್ಟು ಸ್ಟೀರಿಂಗ್ ತಿರುಗಿಸುವ ಆ ಸಂಧಿಯಲ್ಲಿ. ಮುಂಚೆ ಮೂತಿ ಮೇಲೆದ್ದು ಕಾರು ವಾಲಿ ನೆಲೆ ಕಾಣುವವರೆಗೆ ಕಾಯಬೇಕಾಗಿತ್ತು, ಈಗ ಒಂದೇ ಚಲನೆಯಲ್ಲಿ ಕೂತುಬಿಡುತ್ತದೆ. ಹೆದ್ದಾರಿಯ ಎರಡನೆಯ ತೇಲಾಟ ಸಂಪೂರ್ಣ ನಿಂತಿದೆ. ಬೆಂಗಳೂರಿನ ಒಳರಸ್ತೆಗಳಲ್ಲಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುವಾಗ ಸಣ್ಣಪುಟ್ಟ ಏರುತಗ್ಗುಗಳು ಮೊದಲಿಗಿಂತ ಹೆಚ್ಚು ತಿಳಿಯುತ್ತವೆ, ಹಿಂದಿನ ಸೀಟಿನಲ್ಲಿ ಕೂರುವವರು ಅದನ್ನು ಗಮನಿಸುತ್ತಾರೆ. ಟೈರಿನ ಗಾಳಿಯನ್ನು ಪೆಟ್ರೋಲ್ ಮುಚ್ಚಳದ ಒಳಗಿನ ಚೀಟಿಯಲ್ಲಿ ಇರುವಷ್ಟೇ ಇಟ್ಟುಕೊಂಡರೆ ಅದು ಸಹನೀಯ. ಮಾನೊಟ್ಯೂಬಿಗೆ ಇನ್ನೊಂದು ಎಚ್ಚರವೂ ಬೇಕು: ಪಿಸ್ಟನ್ ಹೊರಗಿನ ಕೊಳವೆಯ ಗೋಡೆಗೇ ತಾಗಿ ಚಲಿಸುವುದರಿಂದ ಕಲ್ಲು ಬಡಿದು ಕೊಳವೆ ತಗ್ಗಾದರೆ ಅದು ಅಲ್ಲೇ ಸಿಕ್ಕಿಕೊಳ್ಳಬಹುದು. ಹಾಗಾಗಿ ಕಚ್ಚಾರಸ್ತೆಯಲ್ಲಿ ಹೋಗಿ ಬಂದ ಮೇಲೆ ಹಿಂದಿನ ಎರಡೂ ಶಾಕ್‌ಗಳ ಮೈಯನ್ನು ಬಟ್ಟೆಯಿಂದ ಒರೆಸಿ ಬೆರಳಾಡಿಸಿ ನೋಡುತ್ತೇನೆ.