ಒಂದೇ ತಂಡದ ಇಬ್ಬರು ರಿಸೀವರ್‌ಗಳು: ನಾನು ಯಾರನ್ನು ಇಳಿಸುತ್ತೇನೆ?

ಇದು ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಫ್ಯಾಂಟಸಿ ಆಟದ ಮಾತು: ನಾವು ಆರಿಸಿಕೊಂಡ ಆಟಗಾರರು ಮೈದಾನದಲ್ಲಿ ಮಾಡಿದ್ದಕ್ಕೆ ನಮಗೆ ಪಾಯಿಂಟ್. 2020ರ ಸೀಸನ್‌ನಲ್ಲಿ ಸಿಯಾಟಲ್ ಸೀಹಾಕ್ಸ್ ತಂಡದ ಇಬ್ಬರು ವೈಡ್ ರಿಸೀವರ್‌ಗಳ, ಅಂದರೆ ಎಸೆದ ಚೆಂಡು ಹಿಡಿಯುವವರ, ಲೆಕ್ಕ ನೋಡಿ. ಟೈಲರ್ ಲಾಕೆಟ್: 100 ಕ್ಯಾಚ್, 1,054 ಯಾರ್ಡ್, 10 ಟಚ್‌ಡೌನ್ (ಚೆಂಡನ್ನು ಗೋಲ್ ಗೆರೆ ದಾಟಿಸುವುದು). ಡಿ.ಕೆ. ಮೆಟ್‌ಕಾಫ್: 83 ಕ್ಯಾಚ್, 1,303 ಯಾರ್ಡ್, 10 ಟಚ್‌ಡೌನ್. ಫ್ಯಾಂಟಸಿ ಪಾಯಿಂಟ್‌ಗೆ ಇಳಿಸಿದರೆ ಲಾಕೆಟ್ ಸುಮಾರು 265, ಮೆಟ್‌ಕಾಫ್ ಸುಮಾರು 273. ಹದಿನಾರು ಪಂದ್ಯದಲ್ಲಿ ಎಂಟು ಪಾಯಿಂಟ್ ವ್ಯತ್ಯಾಸ. ಹಾಗಾದರೆ ಯಾರನ್ನು ಇಟ್ಟುಕೊಂಡರೂ ಒಂದೇ ಅಲ್ವಾ?

ಅಲ್ಲ. ಲಾಕೆಟ್‌ನ ಆ 265ರಲ್ಲಿ 123 ಪಾಯಿಂಟ್ ಬಂದಿದ್ದು ಬರೀ ಮೂರು ಪಂದ್ಯಗಳಲ್ಲಿ. ಡಲ್ಲಾಸ್ ವಿರುದ್ಧ ಮೂರು ಟಚ್‌ಡೌನ್, ಅರಿಜೋನಾ ವಿರುದ್ಧ ಮತ್ತೆ ಮೂರು, ಕೊನೆಯ ವಾರ ಸ್ಯಾನ್ ಫ್ರಾನ್ಸಿಸ್ಕೋ ವಿರುದ್ಧ ಎರಡು. ಆ ಕೊನೆಯ ವಾರ, ಅಂದರೆ 17ನೇ ವಾರಕ್ಕೆ, ಹೆಚ್ಚಿನ ಫ್ಯಾಂಟಸಿ ಲೀಗುಗಳಲ್ಲಿ ಫೈನಲ್ ಮುಗಿದೇ ಹೋಗಿತ್ತು. ಆ 33 ಪಾಯಿಂಟ್ ಯಾರ ಉಪಯೋಗಕ್ಕೂ ಬರಲಿಲ್ಲ.

ನಾನಿರುವುದು ಸಿಯಾಟಲ್ ಪಕ್ಕದಲ್ಲಿ. ನಮ್ಮ ಲೀಗಿನಲ್ಲಿ ಅರ್ಧ ಜನ ಕನ್ನಡದವರು, ಉಳಿದವರು ಆಫೀಸಿನವರು. ಊರಲ್ಲಿ ಫ್ಯಾಂಟಸಿ ಕ್ರಿಕೆಟ್ ಆಡಿ ಬಂದವರಿಗೆ ಇಲ್ಲಿ ಮೊದಲು ತಬ್ಬಿಬ್ಬಾಗುವುದು ಎರಡು ವಿಷಯಕ್ಕೆ. ಒಂದು, ಪ್ರತಿ ಪಂದ್ಯಕ್ಕೆ ಹೊಸದಾಗಿ ಹನ್ನೊಂದು ಜನರನ್ನು ಆರಿಸುವ ಹಾಗಿಲ್ಲ. ಸೀಸನ್ ಶುರುವಾಗುವ ಮುಂಚೆ ಡ್ರಾಫ್ಟ್ ನಡೆಯುತ್ತದೆ, ಸುತ್ತು ಸುತ್ತಾಗಿ ಒಬ್ಬೊಬ್ಬರೇ ಆಟಗಾರರನ್ನು ಆರಿಸಿಕೊಳ್ಳುತ್ತೇವೆ, ನಾನು ತೆಗೆದುಕೊಂಡ ಆಟಗಾರ ಆ ಲೀಗಿನಲ್ಲಿ ನನಗೆ ಮಾತ್ರ. ಇನ್ನೊಂದು, ಕ್ರಿಕೆಟ್‌ನಲ್ಲಿ ಒಂದೇ ತಂಡದ ಇಬ್ಬರು ಓಪನರ್‌ಗಳೂ ಅರ್ಧ ಶತಕ ಹೊಡೆಯಬಹುದು, ಒಬ್ಬನ ರನ್ ಇನ್ನೊಬ್ಬನ ರನ್ ಕಿತ್ತುಕೊಳ್ಳುವುದಿಲ್ಲ. ಇಲ್ಲಿ ಕ್ವಾರ್ಟರ್‌ಬ್ಯಾಕ್ ಎಸೆದ ಒಂದು ಚೆಂಡು ಒಬ್ಬನಿಗೇ ಹೋಗುತ್ತದೆ. ಲಾಕೆಟ್‌ಗೆ ಬಂದದ್ದು ಮೆಟ್‌ಕಾಫ್‌ಗೆ ಬರಲಿಲ್ಲ.

ಅರಿಜೋನಾ ವಿರುದ್ಧದ ಆ ಭಾನುವಾರ ರಾತ್ರಿಯ ಪಂದ್ಯ ಇದಕ್ಕೆ ಒಳ್ಳೇ ಉದಾಹರಣೆ. ಲಾಕೆಟ್ 15 ಕ್ಯಾಚ್, 200 ಯಾರ್ಡ್, ಒಟ್ಟು 53 ಪಾಯಿಂಟ್. ಮೆಟ್‌ಕಾಫ್ 2 ಕ್ಯಾಚ್, 23 ಯಾರ್ಡ್, 4.3 ಪಾಯಿಂಟ್. ಅದೇ ರಾತ್ರಿ ಅರಿಜೋನಾದ ಬುಡ್ಡಾ ಬೇಕರ್ ಚೆಂಡು ಕಸಿದುಕೊಂಡು 90 ಯಾರ್ಡ್ ಓಡಿದಾಗ, ಮೆಟ್‌ಕಾಫ್ ಹಿಂದಿನಿಂದ ಅಟ್ಟಿಸಿಕೊಂಡು ಹೋಗಿ ಗೋಲ್ ಗೆರೆಯ ಹತ್ತಿರ ಕೆಡವಿದ. ವರ್ಷಗಟ್ಟಲೆ ಟಿವಿಯಲ್ಲಿ ತೋರಿಸಿದ ಓಟ ಅದು. ಫ್ಯಾಂಟಸಿಯಲ್ಲಿ ಅದಕ್ಕೆ ಸೊನ್ನೆ.

ಲೆಕ್ಕದ ಪದ್ಧತಿ ಗೊತ್ತಿಲ್ಲದವರಿಗೆ: ಹತ್ತು ಯಾರ್ಡ್‌ಗೆ ಒಂದು ಪಾಯಿಂಟ್, ಟಚ್‌ಡೌನ್‌ಗೆ ಆರು. ಪಿಪಿಆರ್ (ಪಾಯಿಂಟ್ ಪರ್ ರಿಸೆಪ್ಷನ್) ಲೀಗಾದರೆ ಪ್ರತಿ ಕ್ಯಾಚ್‌ಗೂ ಇನ್ನೊಂದು; ಇಲ್ಲಿನ ಲೆಕ್ಕವೆಲ್ಲ ಈ ಪದ್ಧತಿಯದ್ದೇ. ಕೆಲವು ಲೀಗುಗಳಲ್ಲಿ ಕ್ಯಾಚ್‌ಗೆ ಅರ್ಧ, ಕೆಲವು ಕಡೆ ಏನೂ ಇಲ್ಲ. ಒಂದೇ ತಂಡದ ಇಬ್ಬರ ನಡುವೆ ಆರಿಸುವಾಗ ನಾನು ಎಲ್ಲಕ್ಕಿಂತ ಮೊದಲು ನೋಡುವುದು ಇದನ್ನೇ. ಮೇಲಿನ ಲೆಕ್ಕದಲ್ಲಿ ಕ್ಯಾಚ್‌ಗೆ ಪಾಯಿಂಟ್ ತೆಗೆದುಬಿಡಿ. ಎಂಟು ಪಾಯಿಂಟ್ ವ್ಯತ್ಯಾಸ ಇದ್ದದ್ದು ಇಪ್ಪತ್ತೈದಕ್ಕೆ ಏರುತ್ತದೆ, ಮೆಟ್‌ಕಾಫ್ ಸಲೀಸಾಗಿ ಮುಂದೆ. ಚಿಕ್ಕ ಚಿಕ್ಕ ಪಾಸ್ ಹಿಡಿಯುವವನ ಬೆಲೆ ಪೂರಾ ಲೀಗಿನ ನಿಯಮದ ಮೇಲೆ ನಿಂತಿದೆ. ಆದರೂ ಡ್ರಾಫ್ಟ್ ದಿನ ಯಾವುದೋ ಪಟ್ಟಿ ತೆರೆದಿಟ್ಟುಕೊಂಡು, ಅದು ಯಾವ ನಿಯಮಕ್ಕೆ ಮಾಡಿದ ಪಟ್ಟಿ ಅಂತ ನೋಡದೇ ಆರಿಸುವವರು ನಮ್ಮಲ್ಲೇ ಇದ್ದಾರೆ. ನನಗಂತೂ ಅವರಿಂದ ಅನುಕೂಲವೇ.

ಆಮೇಲೆ ನೋಡುವುದು ತಂಡವನ್ನು, ಆಟಗಾರನನ್ನಲ್ಲ. ಈ ತಂಡ ಎಷ್ಟು ಪಾಸ್ ಎಸೆಯುತ್ತದೆ? ಇಬ್ಬರಿಗೆ ಸಾಲುವಷ್ಟು ಇದೆಯಾ? 2022ರ ಎರಡನೇ ವಾರ ಮಯಾಮಿಯ ಕ್ವಾರ್ಟರ್‌ಬ್ಯಾಕ್ ಟುವಾ ಟಾಂಗೊವೈಲೋವಾ ಬಾಲ್ಟಿಮೋರ್ ವಿರುದ್ಧ 50 ಸಲ ಎಸೆದ. 469 ಯಾರ್ಡ್, 6 ಟಚ್‌ಡೌನ್. ಟೈರೀಕ್ ಹಿಲ್‌ಗೆ 11 ಕ್ಯಾಚ್, 190 ಯಾರ್ಡ್, 2 ಟಚ್‌ಡೌನ್. ಜೇಲೆನ್ ವಾಡಲ್‌ಗೂ 11 ಕ್ಯಾಚ್, 171 ಯಾರ್ಡ್, 2 ಟಚ್‌ಡೌನ್. ಒಬ್ಬನಿಗೆ 42, ಇನ್ನೊಬ್ಬನಿಗೆ 40. ಅಂಥ ದಿನ ಯಾರನ್ನು ಹಾಕಿದರೂ ಗೆದ್ದ ಹಾಗೆ. ಆ ಸೀಸನ್ ಪೂರ್ತಿ ಹಿಲ್ 1,710 ಯಾರ್ಡ್, ವಾಡಲ್ 1,356 ಯಾರ್ಡ್ ಮಾಡಿದರು.

ಫಿಲಡೆಲ್ಫಿಯಾ ಈಗಲ್ಸ್ ಕಥೆಯಲ್ಲಿ ಇದರ ಎರಡು ಮುಖವೂ ಇದೆ. 2022ರಲ್ಲಿ ಎ.ಜೆ. ಬ್ರೌನ್ 88 ಕ್ಯಾಚ್, 1,496 ಯಾರ್ಡ್. ಡೆವಾಂಟಾ ಸ್ಮಿತ್ 95 ಕ್ಯಾಚ್, 1,196 ಯಾರ್ಡ್. ಇಬ್ಬರೂ ಪ್ರತಿ ವಾರ ಆಡಿಸಬಹುದಾದವರು. 2024ರಲ್ಲಿ ಅದೇ ಕ್ವಾರ್ಟರ್‌ಬ್ಯಾಕ್, ಅದೇ ಇಬ್ಬರು, ಆದರೆ ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಸಕ್ವಾನ್ ಬಾರ್ಕ್ಲಿ ಬಂದಿದ್ದ. ಅವನೊಬ್ಬನೇ 2,005 ಯಾರ್ಡ್ ಓಡಿದ. ಓಡಿಯೇ ಗೆಲ್ಲುವಾಗ ಎಸೆಯುವುದು ಯಾಕೆ? ಬ್ರೌನ್ 1,079ಕ್ಕೆ, ಸ್ಮಿತ್ 833ಕ್ಕೆ ನಿಂತರು. ಗಾಯದಿಂದ ಇಬ್ಬರೂ 13 ಪಂದ್ಯ ಮಾತ್ರ ಆಡಿದ್ದು ನಿಜ. ಆದರೂ ಆ ವರ್ಷ ಸ್ಮಿತ್‌ನನ್ನು ಇಟ್ಟುಕೊಂಡವರು ಪ್ರತಿ ಭಾನುವಾರ ಟಚ್‌ಡೌನ್‌ಗೆ ಹರಕೆ ಹೊರಬೇಕಾಗಿತ್ತು. ಆಟಗಾರರ ಕೈಯಲ್ಲಿ ಏನೂ ಕೆಟ್ಟಿರಲಿಲ್ಲ, ತಂಡದ ಆಟ ಬದಲಾಗಿತ್ತು ಅಷ್ಟೇ.

ಅದೇ ವರ್ಷ ಸಿನ್ಸಿನಾಟಿಯಲ್ಲಿ ಉಲ್ಟಾ. ಬೆಂಗಲ್ಸ್ ತಂಡದ ಡಿಫೆನ್ಸ್ ಎಷ್ಟು ಸೋರುತ್ತಿತ್ತು ಅಂದರೆ ಕ್ವಾರ್ಟರ್‌ಬ್ಯಾಕ್ ಜೋ ಬರೋ ಎಸೆಯುತ್ತಲೇ ಇರಬೇಕಾಯಿತು. 4,918 ಯಾರ್ಡ್, 43 ಟಚ್‌ಡೌನ್. ಜಮಾರ್ ಚೇಸ್ 127 ಕ್ಯಾಚ್, 1,708 ಯಾರ್ಡ್, 17 ಟಚ್‌ಡೌನ್, ಮೂರರಲ್ಲೂ ಎನ್‌ಎಫ್‌ಎಲ್‌ಗೇ ಮೊದಲು. ನನಗೆ ಖುಷಿ ಕೊಟ್ಟಿದ್ದು ಮಾತ್ರ ಟೀ ಹಿಗಿನ್ಸ್. ಅವನು ಆಡಿದ್ದು 12 ಪಂದ್ಯ. 73 ಕ್ಯಾಚ್, 911 ಯಾರ್ಡ್, 10 ಟಚ್‌ಡೌನ್. ಪಂದ್ಯಕ್ಕೆ ಹದಿನೆಂಟೂವರೆ ಪಾಯಿಂಟ್‌ಗಿಂತ ಜಾಸ್ತಿ. ಎಷ್ಟೋ ತಂಡಗಳ ಮೊದಲನೇ ರಿಸೀವರ್ ಅಷ್ಟು ಕೊಡಲಿಲ್ಲ. ನಮ್ಮ ಲೀಗಿನಲ್ಲಿ ಚೇಸ್ ಮೊದಲ ಸುತ್ತಿನಲ್ಲೇ ಹೋದ. ಹಿಗಿನ್ಸ್ ಐದನೇ ಸುತ್ತಿನವರೆಗೂ ಉಳಿದಿದ್ದ, ನಾನು ತೆಗೆದುಕೊಂಡೆ. ಮೊದಲ ಸುತ್ತಿನಲ್ಲಿ ನನಗೆ ರನ್ನಿಂಗ್ ಬ್ಯಾಕ್ ಸಿಕ್ಕಿದ್ದ. ಡಿಫೆನ್ಸ್ ಕೆಟ್ಟದಾಗಿದ್ದು ಕ್ವಾರ್ಟರ್‌ಬ್ಯಾಕ್ ಚೆನ್ನಾಗಿರುವ ತಂಡದ ಎರಡನೇ ರಿಸೀವರ್: ಡ್ರಾಫ್ಟ್‌ನಲ್ಲಿ ನಾನು ಹುಡುಕುವುದೇ ಇದನ್ನು.

ಇನ್ನು ಇಬ್ಬರೂ ನನ್ನ ಹತ್ತಿರವೇ ಇದ್ದು, ಜಾಗ ಒಂದೇ ಇದ್ದಾಗ? ಜನ ಕೇಳುವುದು ಈ ಪ್ರಶ್ನೆಯನ್ನೇ. ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿ. ಈ ವಾರ ಚೆಂಡು ಯಾರ ಕಡೆ ಹೋಗುತ್ತದೆ ಅಂತ ಊಹಿಸುವ ಕೆಲಸಕ್ಕೆ ನಾನು ಕೈ ಹಾಕುವುದಿಲ್ಲ. ಎದುರಾಳಿಯ ಯಾವ ಕಾರ್ನರ್‌ಬ್ಯಾಕ್ (ರಿಸೀವರ್‌ನನ್ನು ಕಾಯುವ ಆಟಗಾರ) ಯಾರ ಮೇಲೆ ನಿಲ್ಲುತ್ತಾನೆ ಅಂತ ಪ್ರತಿ ಗುರುವಾರ ಪುಟಗಟ್ಟಲೆ ಬರೆಯುತ್ತಾರೆ. ಓದಲು ಚೆನ್ನಾಗಿರುತ್ತದೆ. ಆದರೆ ಪಂದ್ಯ ಪೂರ್ತಿ ಒಬ್ಬನನ್ನೇ ಹಿಂಬಾಲಿಸುವ ಕಾರ್ನರ್‌ಬ್ಯಾಕ್ ಈಗ ಕಮ್ಮಿ. ಜೊತೆಗೆ ಕೋಚ್‌ಗಳು ತಮ್ಮ ರಿಸೀವರ್‌ನನ್ನು ಒಂದು ಪ್ಲೇಗೆ ಹೊರಗೆ, ಇನ್ನೊಂದು ಪ್ಲೇಗೆ ಒಳಗೆ ಸ್ಲಾಟ್‌ನಲ್ಲಿ ನಿಲ್ಲಿಸಿ ಆ ಲೆಕ್ಕವನ್ನೆಲ್ಲ ಕೆಡಿಸುತ್ತಾರೆ. ನಾನು ಗಮನಿಸುವುದು ಒಂದನ್ನು ಮಾತ್ರ. ಎದುರಾಳಿ ಇಬ್ಬರು ಸೇಫ್ಟಿಗಳನ್ನು, ಅಂದರೆ ಹಿಂಗಾವಲಿನವರನ್ನು, ದೂರ ಹಿಂದೆ ನಿಲ್ಲಿಸಿ ಆಡುವ ತಂಡವಾದರೆ ಉದ್ದ ಪಾಸ್ ಸಿಗುವುದು ಕಷ್ಟ. ಆಗ ಚಿಕ್ಕ ಪಾಸಿನವನ ಕಡೆ ಸ್ವಲ್ಪ ವಾಲುತ್ತೇನೆ.

ನಿರ್ಧಾರ ಆಗುವುದು ಬೇರೆ ಕಡೆ. ನಮ್ಮ ಲೀಗಿನಲ್ಲಿ ಪ್ರತಿ ವಾರ ಒಬ್ಬೊಬ್ಬರ ಟೀಮ್ ಜೊತೆ ಪೈಪೋಟಿ: ಈ ವಾರ ನನ್ನ ಎದುರು ಯಾರಿದ್ದಾರೆ? ನನ್ನ ಟೀಮ್ ಹೆಚ್ಚು ಬಲವಾಗಿದ್ದರೆ ಹನ್ನೆರಡು, ಹದಿಮೂರು ಪಾಯಿಂಟ್ ಖಾತ್ರಿ ಕೊಡುವವನು ಸಾಕು. ಟಾರ್ಗೆಟ್ (ಅವನ ಕಡೆ ಎಸೆದ ಪಾಸ್) ಸಮನಾಗಿ ಬರುವವನು, ಕ್ಯಾಚ್ ಹಿಡಿದು ಎಂಟು ಯಾರ್ಡ್ ಹೋಗಿ ಬೀಳುವವನು. ಎದುರಿನವರ ಟೀಮ್ ನೋಡಿದರೇ ಸೋಲು ಕಾಣುತ್ತಿದ್ದರೆ, ನಾಲ್ಕೋ ನಲವತ್ತೋ ಅನ್ನುವವನನ್ನೇ ಇಳಿಸುತ್ತೇನೆ. ನಾಲ್ಕು ಬಂದರೆ ಹೇಗಿದ್ದರೂ ಸೋಲುತ್ತಿದ್ದೆ, ಹೋಗಲಿ. ಆ ಲಾಕೆಟ್‌ನ 53 ಪಾಯಿಂಟ್ ವಾರ ನನ್ನ ಫ್ಲೆಕ್ಸ್ ಜಾಗ (ರಿಸೀವರ್ ಆಗಲಿ ರನ್ನಿಂಗ್ ಬ್ಯಾಕ್ ಆಗಲಿ ಹಾಕಬಹುದಾದ ಜಾಗ) ಖಾಲಿ ಇತ್ತು, ಇಬ್ಬರನ್ನೂ ಇಳಿಸಿದ್ದೆ. ಒಟ್ಟು 57.3. ಒಬ್ಬ ಮಲಗಿದಾಗ ಇನ್ನೊಬ್ಬ ಎದ್ದ. ಜಾಗ ಇದ್ದು, ಬೆಂಚಿನಲ್ಲಿ ಅವರಿಗಿಂತ ಒಳ್ಳೆಯವರು ಇಲ್ಲದಿದ್ದರೆ ಈಗಲೂ ಇಬ್ಬರನ್ನೂ ಆಡಿಸಲು ಹಿಂಜರಿಯುವುದಿಲ್ಲ.

ಎದುರಿನವರ ಹತ್ತಿರ ಅದೇ ತಂಡದ ಕ್ವಾರ್ಟರ್‌ಬ್ಯಾಕ್ ಇದ್ದರೆ ಇನ್ನೊಂದು ಲೆಕ್ಕ ಸೇರುತ್ತದೆ. ಆ ಈಗಲ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಜೇಲೆನ್ ಹರ್ಟ್ಸ್ ಅವರ ಹತ್ತಿರ ಇದ್ದು ನನ್ನ ಹತ್ತಿರ ಬ್ರೌನ್ ಇದ್ದರೆ, ಹರ್ಟ್ಸ್ ಬ್ರೌನ್‌ಗೆ ಎಸೆದ ಟಚ್‌ಡೌನ್ ಇಬ್ಬರಿಗೂ ಪಾಯಿಂಟ್. ಮುಂದಿರುವವನಿಗೆ ಇದು ಒಳ್ಳೆಯದು, ಅಂತರ ಹಾಗೇ ಉಳಿಯುತ್ತದೆ. ಹಿಂದಿರುವವನಿಗೆ ಅಷ್ಟು ಉಪಯೋಗವಿಲ್ಲ. ಆಗ ಬೇರೆ ತಂಡದವನನ್ನು ನೋಡುವುದು ವಾಸಿ.

ಗಾಯದ ವಿಷಯಕ್ಕೆ ಬರೋಣ. ಒಂದೇ ತಂಡದ ಇಬ್ಬರನ್ನು ಇಟ್ಟುಕೊಂಡರೆ ತಂಡಕ್ಕೆ ಪಂದ್ಯವೇ ಇಲ್ಲದ ಬೈ ವಾರದಲ್ಲಿ ಇಬ್ಬರೂ ಒಟ್ಟಿಗೆ ರಜೆ, ಅದೊಂದು ತಲೆನೋವು. ಆದರೆ ಒಂದು ಅನುಕೂಲವೂ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಇಬ್ಬರ ಪಂದ್ಯವೂ ಒಂದೇ ಹೊತ್ತಿಗೆ. ಯಾರು ಆಡುವುದಿಲ್ಲ ಅನ್ನುವ ಪಟ್ಟಿ ಪಂದ್ಯಕ್ಕೆ 90 ನಿಮಿಷ ಮುಂಚೆ ಬರುತ್ತದೆ. ಪೂರ್ವ ಕರಾವಳಿಯ ಒಂದು ಗಂಟೆಯ ಪಂದ್ಯ ಅಂದರೆ ನಮಗೆ ಇಲ್ಲಿ ಬೆಳಿಗ್ಗೆ ಹತ್ತು, ಪಟ್ಟಿ ಎಂಟೂವರೆಗೆ. ದೋಸೆ ಹುಯ್ಯುತ್ತಾ ಫೋನ್ ನೋಡಿ, ಒಬ್ಬನಿಲ್ಲ ಅಂದರೆ ಇನ್ನೊಬ್ಬನನ್ನು ಹಾಕಿದರೆ ಮುಗಿಯಿತು. ಬೇರೆ ಬೇರೆ ತಂಡದವರಾದರೆ ಈ ಸುಖ ಇಲ್ಲ. ಸೋಮವಾರ ರಾತ್ರಿ ಆಡಬೇಕಾದವನಿಗೆ ಅನುಮಾನ ಇದ್ದರೆ, ಅಷ್ಟರಲ್ಲಿ ಭಾನುವಾರದವರೆಲ್ಲ ಲಾಕ್ ಆಗಿರುತ್ತಾರೆ, ಪಂದ್ಯ ಶುರುವಾದ ಮೇಲೆ ಅವರನ್ನು ಬದಲಿಸುವ ಹಾಗಿಲ್ಲ. ಅದಕ್ಕೇ ಗುರುವಾರದ ಆಟಗಾರನನ್ನು ರಿಸೀವರ್ ಜಾಗದಲ್ಲಿ, ಕೊನೆಗೆ ಆಡುವವನನ್ನು ಫ್ಲೆಕ್ಸ್‌ನಲ್ಲಿ ಇಡುವುದು. ಬೇಕಾದರೆ ರನ್ನಿಂಗ್ ಬ್ಯಾಕ್‌ನನ್ನೂ ಅಲ್ಲಿ ಹಾಕಬಹುದು.

ಬುಧವಾರದಿಂದ ಶುಕ್ರವಾರದವರೆಗಿನ ಪ್ರಾಕ್ಟೀಸ್ ವರದಿಯಲ್ಲಿ ನನಗೆ ಮುಖ್ಯ ಶುಕ್ರವಾರದ್ದು. ಬುಧವಾರ ಹಿರಿಯ ಆಟಗಾರರು ಸುಮ್ನೆ ವಿಶ್ರಾಂತಿಗೂ ಕೂರುತ್ತಾರೆ.

ಒಬ್ಬ ಗಾಯಗೊಂಡರೆ ಅವನ ಟಾರ್ಗೆಟ್ ಎಲ್ಲ ಎರಡನೆಯವನಿಗೇ ಅಂತ ಜನ ಅಂದುಕೊಳ್ಳುತ್ತಾರೆ. ಕೆಲವು ಸಲ ಹೌದು. 2024ರ ನವೆಂಬರ್‌ನಲ್ಲಿ ಹಿಗಿನ್ಸ್ ಇಲ್ಲದ ಗುರುವಾರ ಬಾಲ್ಟಿಮೋರ್ ವಿರುದ್ಧ ಚೇಸ್ 11 ಕ್ಯಾಚ್, 264 ಯಾರ್ಡ್, 3 ಟಚ್‌ಡೌನ್ ಹೊಡೆದ. ಆದರೆ 2023ರ ಲಾಸ್ ಏಂಜಲಿಸ್ ರ‍್ಯಾಮ್ಸ್ ನೋಡಿ. ಕೂಪರ್ ಕಪ್ ಮೊದಲ ನಾಲ್ಕು ಪಂದ್ಯ ಆಡಲಿಲ್ಲ. ಎಲ್ಲರ ಕಣ್ಣು ಇದ್ದದ್ದು ತಂಡದಲ್ಲಿ ಆಗಲೇ ಇದ್ದ ವ್ಯಾನ್ ಜೆಫರ್ಸನ್ ಮೇಲೆ. ಚೆಂಡು ಹೋಗಿದ್ದು ಎನ್‌ಎಫ್‌ಎಲ್‌ನದೇ ಡ್ರಾಫ್ಟ್‌ನ ಐದನೇ ಸುತ್ತಿನಲ್ಲಿ ಬಂದ ಹೊಸ ಹುಡುಗ ಪೂಕಾ ನಕುವಾಗೆ. ಮೊದಲ ಪಂದ್ಯದಲ್ಲೇ 15 ಟಾರ್ಗೆಟ್, 10 ಕ್ಯಾಚ್. ಜೆಫರ್ಸನ್ ಅಕ್ಟೋಬರ್‌ನಲ್ಲಿ ಅಟ್ಲಾಂಟಾಕ್ಕೆ ಹೋದ. ನಕುವಾ 105 ಕ್ಯಾಚ್, 1,486 ಯಾರ್ಡ್ ಮಾಡಿ ಹೊಸಬರ ದಾಖಲೆಗಳನ್ನೇ ಮುರಿದ.

ನಮ್ಮ ಲೀಗಿನಲ್ಲಿ ಅವನನ್ನು ಹಿಡಿದದ್ದು ದಾವಣಗೆರೆಯ ಒಬ್ಬ ಹುಡುಗ. ಕಪ್ ವಾಪಸ್ ಬರುವ ವಾರ ಫೋನ್ ಮಾಡಿದ. "ಅಣ್ಣಾ, ಕಪ್ ಬಂದ್ಮೇಲೆ ಇವನ ಕಥೆ ಮುಗೀತು ಅಂತಾರೆ ಎಲ್ರೂ. ಮಾರಿಬಿಡ್ಲಾ?"

"ಟಚ್‌ಡೌನ್ ನೋಡ್ಬೇಡ ಮಾರಾಯ, ಟಾರ್ಗೆಟ್ ನೋಡು. ಅಷ್ಟು ಸಲ ಎಸೀತಿದಾರೆ ಅಂದ್ರೆ ಕ್ವಾರ್ಟರ್‌ಬ್ಯಾಕ್‌ಗೆ ನಂಬಿಕೆ ಬಂದಿದೆ ಅಂತ ಅಲ್ವಾ? ಒಂದು ವಾರ ಇಬ್ಬರನ್ನೂ ನೋಡಿ ಆಮೇಲೆ ಹೇಳು."

ಆ ವಾರ ಈಗಲ್ಸ್ ವಿರುದ್ಧ ಕಪ್ 118 ಯಾರ್ಡ್ ಮಾಡಿದ. ನಕುವಾ 7 ಕ್ಯಾಚ್, 71 ಯಾರ್ಡ್, ಒಂದು ಟಚ್‌ಡೌನ್. ದಾವಣಗೆರೆಯವನು ಮಾರಲಿಲ್ಲ. ನಾನು ನಡುವೆ ಒಂದು ಟ್ರೇಡ್ ಕೇಳಿ ನೋಡಿದೆ, ಅದಕ್ಕೂ ಒಪ್ಪಲಿಲ್ಲ.

ಟ್ರೇಡ್‌ನಲ್ಲೂ ನಾನು ನೋಡುವುದು ಟಾರ್ಗೆಟ್ಟನ್ನೇ. ಇಬ್ಬರಲ್ಲಿ ಒಬ್ಬನಿಗೆ ಎರಡು ವಾರ ಟಚ್‌ಡೌನ್ ಸುರಿದು, ಟಾರ್ಗೆಟ್ ಮಾತ್ರ ಐದೇ ಇದ್ದರೆ ಅವನನ್ನು ಮಾರಲು ನೋಡುತ್ತೇನೆ. ಒಂಬತ್ತು ಟಾರ್ಗೆಟ್ ಬಂದೂ ಟಚ್‌ಡೌನ್ ಇಲ್ಲದೆ ಒದ್ದಾಡುತ್ತಿರುವವನನ್ನು, ಅವನ ಮಾಲೀಕ ಬೇಸತ್ತ ಮಂಗಳವಾರ ಕೇಳುತ್ತೇನೆ. ಡ್ರಾಫ್ಟ್‌ನಲ್ಲಿ ಮಾತ್ರ ಸರಳ. ಇಬ್ಬರ ನಡುವೆ ಎರಡು ಸುತ್ತಿಗಿಂತ ಜಾಸ್ತಿ ಅಂತರ ಇದ್ದು, ತಂಡ ಚೆನ್ನಾಗಿ ಎಸೆಯುವ ತಂಡವಾದರೆ ಎರಡನೆಯವನಿಗೆ ಕಾಯುತ್ತೇನೆ. ಅಂತರ ಒಂದೇ ಸುತ್ತಾದರೆ ಮೊದಲನೆಯವನೇ ಸರಿ, ಅಲ್ಲಿ ಚೌಕಾಸಿ ಮಾಡಲು ಹೋಗುವುದಿಲ್ಲ.