ನಾಯಿಮರಿಯ ಕಚ್ಚಾಟ ಹತೋಟಿಗೆ ಬಂದ ಬಗೆ

ಬದಿಯಡ್ಕದ ನಮ್ಮ ಮನೆಯ ನಾಲ್ಕು ತಿಂಗಳ ನಾಯಿಮರಿ ಸಂಜೆಯಾದೊಡನೆ ಹಿಮ್ಮಡಿಗೂ ಮುಂಡಿನ ಅಂಚಿಗೂ ಹಲ್ಲು ಹಾಕುತ್ತಿತ್ತು. ಗದರಿಸುವುದಾಗಲಿ, ಕೈಗೆ ಹಾಗಲಕಾಯಿ ರಸ ಸವರುವುದಾಗಲಿ ಫಲಿಸಲಿಲ್ಲ. ಮೂತಿಗೆ ತಟ್ಟಿದರಂತೂ ಅದನ್ನು ಆಟವೆಂದೇ ತಿಳಿದು ಇನ್ನಷ್ಟು ಬಲವಾಗಿ ಕಚ್ಚಿತು.

ಕೊನೆಗೆ ಕೆಲಸಕ್ಕೆ ಬಂದದ್ದು ಹಳೆಯ ಬೈರಾಸು, ಅಂದರೆ ಮೈ ಒರೆಸುವ ಬಟ್ಟೆ. ಅದನ್ನು ಜಡೆಯಂತೆ ಹೆಣೆದು, ಎರಡೂ ತುದಿಗಳಿಗೆ ಗಂಟು ಹಾಕಿ, ಹಲ್ಲಿಗೂ ಬೆರಳಿಗೂ ಒಂದು ಮೊಳ ಅಂತರವಿರುವಂತೆ ಹಿಡಿದು, ಮುಖದೆದುರು ಆಡಿಸದೆ ನೆಲದ ಮೇಲೆ ಮರಿಯಿಂದ ದೂರಕ್ಕೆ ಎಳೆಯಬೇಕು. ಹಲ್ಲು ಚರ್ಮಕ್ಕೆ ತಾಗಿದ ಕೂಡಲೇ ಬೈರಾಸನ್ನು ಕೈಬಿಟ್ಟು, ಮಾತಾಡದೆ ಬಾಗಿಲಾಚೆ ಅರ್ಧ ನಿಮಿಷ ನಿಂತು, ಬಳಿಕ ಆಟ ಮುಂದುವರಿಸಬೇಕು. ಬಿಡಿಸಲು ಜಗ್ಗುವ ಬದಲು ಮೂಗಿನ ಬಳಿ ಬೇಯಿಸಿದ ಕೋಳಿಯ ಚೂರು ಹಿಡಿದರೆ ತಾನಾಗಿ ಬಿಡುತ್ತದೆ.

28 ಹಾಲುಹಲ್ಲುಗಳು ಉದುರುವ ಕಾಲವಾದ್ದರಿಂದ, ಆಟ ಮುಗಿದ ಮೇಲೆ ಒದ್ದೆ ಮಾಡಿ ಫ್ರೀಜರಿನಲ್ಲಿಟ್ಟ ಬಟ್ಟೆಯನ್ನು ಕಣ್ಣೆದುರಿನಲ್ಲೇ ಅಗಿಯಲು ಕೊಡಬಹುದು. ತೋಟದಲ್ಲಿ ಧಾರಾಳ ಸಿಗುತ್ತದೆಂದು ತೆಂಗಿನ ಸಿಪ್ಪೆಯನ್ನು ಮಾತ್ರ ಕೊಡಬಾರದು. ನುಂಗಿದ ನಾರು ಕರುಳಿನಲ್ಲಿ ಸಿಕ್ಕಿಕೊಳ್ಳಬಹುದು.