ಗಾಳಿಗೆ ಮಣ್ಣು ಹಾರುವ ಹೊಲಕ್ಕೆ

ಶಿರೂರು, ದೌಂಡ್, ಬಾರಾಮತಿ ಕಡೆ ಹೊಲ ಮಾಡಿರುವ ಪುಣೆಯ ನಮ್ಮವರು ದಯವಿಟ್ಟು ಓದಿ. ಅದು ಮಳೆನೆರಳಿನ ಸೀಮೆ. ಜೂನ್‌, ಜುಲೈನಲ್ಲಿ ಪಡುವಣ ಗಾಳಿ ಜೋರು, ಮಳೆ ಕಮ್ಮಿ. ಬೋಳು ಹೊಲದಿಂದ ಮೊದಲು ಹಾರಿಹೋಗುವುದೇ ಸಾರವಿರುವ ನುಣ್ಣನೆಯ ಮಣ್ಣು.

ಹಿಂಗಾರಿ ಜೋಳವನ್ನು ಬೇರುಸಹಿತ ಕೀಳಬೇಡಿ. ಗಾಳಿಗೆ ತಡೆಯಾಗಿ 30 ಸೆಂ.ಮೀ. ಕೂಳೆ ಬಿಟ್ಟು ಕೊಯ್ಯಿರಿ. ಮೇವು ಸ್ವಲ್ಪ ಕಮ್ಮಿಯಾಗುತ್ತದೆ, ನಿಜ. ಆದರೆ ಬುಡದ ಆ ಗಟ್ಟಿ ದಂಟನ್ನು ದನ ಹೇಗೂ ಬಿಡುತ್ತದೆ.

ಒಣ ನೆಲಕ್ಕೆ ರೋಟವೇಟರ್ (ಮಣ್ಣನ್ನು ಪುಡಿಮಾಡುವ ಟ್ರ್ಯಾಕ್ಟರ್ ಯಂತ್ರ) ಹಾಕುವುದೇ ದೊಡ್ಡ ತಪ್ಪು. ಒಂದು ಹಿಡಿ ಮಣ್ಣು ಅಂಗೈಯಲ್ಲಿ ಹರಡಿ ನೋಡಿ: ರಾಗಿ ಕಾಳಿಗಿಂತ ಸಣ್ಣ ಕಣವೇ ತುಂಬಿದ್ದರೆ ಗಾಳಿಗೆ ಸುಲಭದ ತುತ್ತು. ಹಾರಿದ ಕಣ ಕುಪ್ಪಳಿಸಿ ಬಿದ್ದು ಇನ್ನಷ್ಟನ್ನು ಎಬ್ಬಿಸುತ್ತದೆ, ಎಳೆ ಸಸಿಯ ಎಲೆಯನ್ನೂ ಉಜ್ಜಿ ಹರಿಯುತ್ತದೆ. ಹಸಿ ಇರುವಾಗಲೇ ನೇಗಿಲು ಹೊಡೆದು ಹೆಂಟೆ ಉಳಿಸಿ; ಸಾಲು ಗಾಳಿಗೆ ಅಡ್ಡ, ಅಂದರೆ ಉತ್ತರ-ದಕ್ಷಿಣ ಇರಲಿ. ಇಳಿಜಾರಿದ್ದರೆ ಮಾತ್ರ ಸಮಪಾತಳಿಯೇ, ಅಂದರೆ ಇಳಿಜಾರಿಗೆ ಅಡ್ಡ ಒಂದೇ ಮಟ್ಟದ ಸಾಲೇ ಮೊದಲು.

ಪಡುವಣ ಬದುವಿಗೆ ತಗಡು, ಗೋಡೆ ಬೇಡ. ಗಾಳಿ ಮೇಲಿಂದ ಹಾರಿ ಹಿಂದೆ ಸುಳಿಯಾಗಿ ನೆಲ ಕೆದಕುತ್ತದೆ. ಗ್ಲಿರಿಸಿಡಿಯಾ (ಗೊಬ್ಬರದ ಗಿಡ) ಎರಡು ಸಾಲು, ಗಿಡಕ್ಕೆ 1 ಮೀಟರ್ ಅಂತರ, ಒಂದು ಸಾಲಿನ ಗಿಡ ಇನ್ನೊಂದರ ಸಂದಿಗೆ ಬರುವಂತೆ ನೆಡಿ. ಅರ್ಧ ಗಾಳಿ ಸೋಸಿ ಹೋಗಬೇಕು. 5 ಮೀಟರ್ ಬೆಳೆದರೆ ಸುಮಾರು 50 ಮೀಟರ್ ಹೊಲಕ್ಕೆ ಮರೆ. ಸತ್ತ ಗಿಡದ ಜಾಗ ಕೂಡಲೇ ತುಂಬಿ, ಆ ಕಿಂಡಿಯಲ್ಲಿ ಗಾಳಿ ಇನ್ನೂ ರಭಸದಿಂದ ನುಗ್ಗುತ್ತದೆ.